ತಾವೇ ಹತ್ತಿ ಕುಳಿತ ತಾಯಿ

ನಮ್ಮ ಹಳೆಯ ಸಣ್ಣ ಕಾರನ್ನು ಕೊಳ್ಳಲು ಪಾಲಬಾವಿಯ ರೈತರೊಬ್ಬರು ರಾಯಬಾಗದ ನಮ್ಮ ಮನೆಗೆ ಬಂದಿದ್ದು ಹೊಚ್ಚಹೊಸ ದೊಡ್ಡ ಪಿಕಪ್‌ನಲ್ಲಿ. ಜೊತೆಗಿದ್ದ ವಯಸ್ಸಾದ ತಾಯಿಯನ್ನು ಅವರು ಮಗುವಿನಂತೆ ಎತ್ತಿ ಕೆಳಗಿಳಿಸಿದರು.

"ಇಂಥಾ ಗಾಡಿ ಇದ್ದಮ್ಯಾಲ ಈ ಹಳೇದು ಯಾಕ್ರಿ?" ಎಂದೆ.

"ಅವ್ವಗ ಅಷ್ಟ ಎತ್ತರ ಏರಾಕ ಆಗೂದಿಲ್ರಿ. ನಾ ಎತ್ತಿ ಕೂಡಿಸಿದ್ರ ಮಂದಿ ಮುಂದ ನಾಚಿಕೊಂತಾಳ. ಬಸದಿಗೆ ಹೋಗೂದ ಬಿಟ್ಟಾಳ್ರಿ."

ಅಷ್ಟರಲ್ಲಿ ಆ ತಾಯಿ ಕಾರಿನ ಬಾಗಿಲು ತೆಗೆದು ಸೀಟಿನ ಮೇಲೆ ಕುಳಿತರು. ಒಂದೊಂದೇ ಕಾಲನ್ನು ನಿಧಾನವಾಗಿ ಒಳಗೆಳೆದುಕೊಂಡು, ಬಾಗಿಲನ್ನೂ ತಾವೇ ಹಾಕಿಕೊಂಡರು. ಆಮೇಲೆ ಮಗನಿಗೆ, "ನಡಿ ತಮ್ಮಾ, ಬಸದಿಗೆ ಹೋಗೂಣು" ಎಂದರು. ಮಗ ನನ್ನ ಕೈಗೆ ಹಣ ಕೊಟ್ಟು, ಪಿಕಪ್ಪನ್ನು ನಮ್ಮ ಮನೆಯ ಮುಂದೆಯೇ ಬಿಟ್ಟು ಕಾರು ಹತ್ತಿದರು.

ಮದುವೆಗಳಿಗೆ ಹೋದಾಗ ಆ ಕಾರನ್ನು ಯಾರ ಕಣ್ಣಿಗೂ ಬೀಳದಂತೆ ದೂರ ನಿಲ್ಲಿಸುತ್ತಿದ್ದವನು ನಾನು. ಅಂದು ಅದು ನಮ್ಮ ಓಣಿ ದಾಟುವವರೆಗೂ ನೋಡುತ್ತ ನಿಂತೆ.