ಕರಿಗಲ್ಲ ಉತಾರದ ಮಾನ್ವೆಲ್

ಬಸ್ತ್ಯಾಂವನ ಮಗ ಇನಾಸ, ಇನಾಸನ ಮಗ ಜುಜೆ, ಜುಜೆಯ ಮಗ ಮಾನ್ವೆಲ್. ಬಸ್ತ್ಯಾಂವ ಗೋವೆಯ ಒಬ್ಬ ಧಣಿಯ ಮನೆಯಲ್ಲಿ ಆಳಾಗಿದ್ದವನು. ಅವನ ಹಿರಿಯರನ್ನು ಸಮುದ್ರದ ಆಚೆಯಿಂದ ಹಡಗಿನಲ್ಲಿ ತುಂಬಿ ತಂದಿದ್ದರು. ಒಂದು ಮಳೆಗಾಲದಲ್ಲಿ ಬಸ್ತ್ಯಾಂವ ತನ್ನ ಬಸುರಿ ಹೆಂಡತಿಯನ್ನು ಹೆಗಲ ಮೇಲೆ ಹೊತ್ತು, ಉಕ್ಕುವ ಹಳ್ಳಗಳನ್ನು ದಾಟಿ, ಘಟ್ಟ ಹತ್ತಿ, ಕಾಳಿ ನದಿಯ ಸೀಮೆಗೆ ಓಡಿ ಬಂದ. ಬೆನ್ನಟ್ಟಿದ ಧಣಿಯ ಕುದುರೆಗಳು ಘಟ್ಟದ ಕೆಸರಿನಲ್ಲಿ ನಿಂತವು, ಬಸ್ತ್ಯಾಂವನ ಕಾಲು ನಿಲ್ಲಲಿಲ್ಲ ಎಂದು ಆ ಮನೆತನದವರು ದಮಾಮಿ ಡೋಲು ಬಾರಿಸುವಾಗ ಹಾಡುತ್ತಿದ್ದರು.

ಇನಾಸ ಬಂಡಿ ಹೊಡೆದ. ಸುಪಾಕ್ಕೆ ಇಳಿಯುವ ಹಳೆಯ ರಸ್ತೆಯಲ್ಲಿ ಒಂದು ಕಡಿದಾದ ಇಳಿಜಾರು ಇತ್ತು. ಎಡಕ್ಕೆ ಆಳದ ಕಣಿವೆ, ಬಲಕ್ಕೆ ಗೋಡೆಯಂತೆ ನಿಂತ ಕಪ್ಪು ಬಂಡೆ. ಜನ ಅದನ್ನು ಕರಿಗಲ್ಲ ಉತಾರ ಎನ್ನುತ್ತಿದ್ದರು. ಸಾಗವಾನಿ ಹೇರಿದ ಬಂಡಿ ಎತ್ತುಗಳ ಮೇಲೆ ನುಗ್ಗದಂತೆ ಹಿಂದೆ ಒಂದು ಬೊಡ್ಡೆ ಕಟ್ಟಿ, ಅದನ್ನು ನೆಲಕ್ಕೆ ಎಳೆಸುತ್ತ ಇನಾಸ ಆ ಉತಾರ ಇಳಿಸುತ್ತಿದ್ದ. ಇಳಿಸುವಾಗ ಅವನ ಕಿವಿ ಬಂಡೆಯ ಕಡೆಗೇ. ಗಾಲಿಯ ಸದ್ದು ಬಂಡೆಗೆ ಬಡಿದು ತಿರುಗಿ ಬರುತ್ತಿತ್ತು. ಯಾವ ಅಚ್ಚು ಸವೆದಿದೆ, ಯಾವುದು ಮುರಿಯಲಿದೆ ಎಂಬುದನ್ನು ಬಂಡೆ ಹೇಳುತ್ತದೆ ಎಂದು ಕಂಡುಕೊಂಡವನು ಅವನೇ. ಜುಜೆ ಯುದ್ಧಕಾಲದಲ್ಲಿ ಇದ್ದಿಲಿನಿಂದ ಓಡುವ ಬಸ್ಸಿಗೆ ಕ್ಲೀನರ್ ಆದ. ಒಮ್ಮೆ ಬ್ರೇಕು ಹೋದ ಬಸ್ಸಿನಿಂದ ಕೆಳಗೆ ಹಾರಿ, ಅದೇ ಉತಾರದಲ್ಲಿ ಗಾಲಿಯ ಕೆಳಗೆ ಕಲ್ಲಿಟ್ಟು ಬಸ್ಸು ತುಂಬ ಜನರನ್ನು ಉಳಿಸಿದ. ಆ ಕಲ್ಲಿನ ಜೊತೆ ಅವನ ಎರಡು ಬೆರಳೂ ಹೋದವು.

ಇಂಥವರ ಮಗ ಮಾನ್ವೆಲ್. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ದಾಂಡೇಲಿಯಲ್ಲಿ ಬಿದಿರು ಸಾಗಿಸುವ ಲಾರಿ ಓಡಿಸುತ್ತಿದ್ದ, ಅಂಬೇವಾಡಿಯಲ್ಲಿ ನಮ್ಮದೇ ಸಾಲಿನ ಕೊನೆಯ ಮನೆಯಲ್ಲಿ ಇದ್ದ. ಎತ್ತರದ ಆಳು, ಮೆತ್ತನೆಯ ಮಾತು. ಹಳೆಯ ಗಾಡಿ ಕೊಳ್ಳುವವರು ಹಳಿಯಾಳದಿಂದ, ಮುಂಡಗೋಡದಿಂದ, ಜೊಯಿಡಾದಿಂದ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಮಾನ್ವೆಲ್ "ಹೂಂ" ಎಂದರೆ ಕೊಳ್ಳುವುದು, ತಲೆ ಅಲ್ಲಾಡಿಸಿದರೆ ಬಿಡುವುದು. ಇದಕ್ಕೆ ಅವನು ಒಂದು ಕಪ್ಪು ಚಹದ ಹೊರತು ಏನನ್ನೂ ಮುಟ್ಟಿದವನಲ್ಲ.

ಅವನ ಪರೀಕ್ಷೆ ಬೆಳಿಗ್ಗೆ ನಡೆಯಬೇಕು, ಗಾಡಿ ತಣ್ಣಗಿರಬೇಕು. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ, "ಇದನ್ನ ಯಾರೋ ಮುಂಜಾನೆ ಎಬ್ಬಿಸಿ ಗಂಜಿ ಕುಡಿಸ್ಯಾರ. ನಾಳೆ ಬರ್ರಿ" ಎಂದು ಕಳಿಸಿಬಿಡುತ್ತಿದ್ದ. ಆಮೇಲೆ ಎಣ್ಣೆಯ ಕಡ್ಡಿ ಎಳೆದು, ಎರಡು ಬೆರಳಲ್ಲಿ ತಿಕ್ಕಿ, ಮೂಸಿ ನೋಡುವುದು. ಕೊನೆಗೆ ಕರಿಗಲ್ಲ ಉತಾರ. ಅಲ್ಲಿ ಇಂಜಿನ್ ಬಂದ್ ಮಾಡಿ, ಬಲಗಡೆಯ ಕಿಟಕಿ ಇಳಿಸಿ, ಗಾಡಿಯನ್ನು ಸುಮ್ಮನೆ ಇಳಿಯಲು ಬಿಡುತ್ತಿದ್ದ. ಒಳಗೆ ಕೂತವರು ಕೆಮ್ಮಬಾರದು.

ಒಮ್ಮೆ ಮುಂಡಗೋಡದ ಸಾವಕಾರ ದುರ್ಗಪ್ಪ ಹೊಸ ಬಣ್ಣ ಬಳಿದ ಹಳೆಯ ಜೀಪನ್ನು ತೋರಿಸಲು ತಂದಿದ್ದ.

"ಹೆಂಗ ಮಿಂಚಾಕತ್ತೈತಿ ನೋಡೋ ಮಾನ್ವೆಲ್, ಮದುಮಗ ಇದ್ದಂಗ!"

"ಮದುಮಗಗ ಅರಿಷಿಣ ಬಡದಾಗ ಮೈಮ್ಯಾಲಿನ ಕಜ್ಜಿ ಕಾಣಂಗಿಲ್ರಿ ಸಾವ್ಕಾರ್ರ. ಇಳದು ನೋಡೂಣು ಬರ್ರಿ."

ಉತಾರ ಇಳಿದ ಮೇಲೆ ಮಾನ್ವೆಲ್ ತಲೆ ಅಲ್ಲಾಡಿಸಿದ. "ಹಿಂದಿನ ಬಲಗಾಲಿ ಅಳಾಕತ್ತೈತ್ರಿ."

"ನನಗೇನೂ ಕೇಳಸ್ಲಿಲ್ಲಲ್ಲೋ!"

"ನಿಮಗ ಹೇಳೂದು ಅದಕ್ಕ ನಾಚಿಕಿ ರೀ. ಕಲ್ಲಿಗೆ ಹೇಳ್ತು, ಕಲ್ಲು ನನಗ ಹೇಳ್ತು."

ದುರ್ಗಪ್ಪ ಬೈದುಕೊಂಡೇ ಜೀಪು ತಿರುಗಿ ಕೊಟ್ಟ. ಅದನ್ನು ಇನ್ನೊಬ್ಬ ಕೊಂಡು, ಅದರ ಗಾಲಿ ಯಲ್ಲಾಪುರದ ರಸ್ತೆಯಲ್ಲಿ ಕಳಚಿತೆಂದು ಸುದ್ದಿ ಬಂದಾಗ, ಅದೇ ದುರ್ಗಪ್ಪ ಒಂದು ಬುಟ್ಟಿ ಮಾವಿನಹಣ್ಣು ಹೊರಿಸಿಕೊಂಡು ಬಂದ. ಮಾನ್ವೆಲ್ ಅದನ್ನು ಓಣಿಯ ಮಕ್ಕಳಿಗೆ ಹಂಚಿಬಿಟ್ಟ.

ಗಾಡಿಯ ಗಾಲಿ ಬಿಚ್ಚಿ ಒಳಗೆ ನೋಡುವುದು ಅವನಿಗೆ ಬರುತ್ತಿರಲಿಲ್ಲ ಎಂದಲ್ಲ. ಒಪ್ಪುತ್ತಿರಲಿಲ್ಲ. "ಬದುಕಿದ್ದನ್ನ ಕೇಳಬೇಕು, ಸತ್ತದ್ದನ್ನ ಬಿಚ್ಚಬೇಕು" ಎಂದು ಜುಜೆ ಹೇಳಿದ್ದನಂತೆ. ಅಪ್ಪನ ಮಾತು ಅವನಿಗೆ ಇಗರ್ಜಿಯ ಪಾದ್ರಿಯ ಮಾತಿಗಿಂತ ದೊಡ್ಡದು.

ನಮ್ಮ ಓಣಿಯಲ್ಲೇ ಲಗಮಪ್ಪನೂ ಇದ್ದ. ಕಲಘಟಗಿ ಕಡೆಯವನು, ಕಾಗದದ ಕಾರ್ಖಾನೆಯಲ್ಲಿ ಕೆಲಸ, ಮನೆಯಲ್ಲಿ ತಾಯಿ ಸತ್ತೆವ್ವ, ಹೆಂಡತಿ ಗುರುಸಿದ್ದವ್ವ. ಗುರುಸಿದ್ದವ್ವನಿಗೆ ಹೆರಿಗೆಯ ನೋವು ಎದ್ದು ಎರಡು ದಿನವಾದರೂ ಕೂಸು ಬರಲಿಲ್ಲ. ಧಾರವಾಡಕ್ಕೆ ಒಯ್ಯಿರಿ ಎಂದು ಸೂಲಗಿತ್ತಿ ಕೈ ಚೆಲ್ಲಿದಳು. ಬಸ್ಸು ಹೋಗಿಬಿಟ್ಟಿತ್ತು. ಮಾನ್ವೆಲ್ ತನ್ನ ಬಿದಿರಿನ ಲಾರಿ ಖಾಲಿ ಮಾಡಿ, ಹುಲ್ಲು ಹಾಸಿ ಅವಳನ್ನು ಮಲಗಿಸಿಕೊಂಡು ಹೊರಟ. ಆ ಮುದಿ ಲಾರಿ ಏರು ಬಂದಾಗೆಲ್ಲ ಎಮ್ಮೆಯಂತೆ ನಿಲ್ಲುತ್ತಿತ್ತು. ಹಳಿಯಾಳ ದಾಟುವುದರೊಳಗೆ ಹಿಂದಿನಿಂದ ಸತ್ತೆವ್ವ ಲಾರಿಯ ಹಲಗೆ ಬಡಿದಳು. "ನಿಂದರ್ಸೋ ತಮ್ಮಾ. ಇನ್ನ ಜಲ್ದಿ ಏನಿಲ್ಲ." ತಾಯಿ ಮಗು ಇಬ್ಬರೂ ಹೋಗಿದ್ದರು.

ಅಂದಿನಿಂದ ಲಗಮಪ್ಪನಿಗೆ ಒಂದೇ ಹಂಬಲ. ಜೋರಾಗಿ ಓಡುವ ಒಂದು ಕಾರು ಬೇಕು. ಬೇನೆ ಬಿದ್ದವರನ್ನು ಜೀವ ಇರುವಾಗಲೇ ಧಾರವಾಡಕ್ಕೆ ಮುಟ್ಟಿಸಬೇಕು. ಮರುಮದುವೆಯ ಮಾತು ಎತ್ತಿದವರಿಗೆ, "ನನ್ನ ಮದವಿ ಕಾರಿನ ಜೋಡಿ" ಎನ್ನುತ್ತಿದ್ದ. ಮಾನ್ವೆಲ್ ಅವನಿಗೆ ಓಡಿಸುವುದನ್ನು ಕಲಿಸಿದ. ಆ ಹಂಬಲ ಇಬ್ಬರದೂ ಆಗಿತ್ತು. ಒಬ್ಬ ಬಾಯಿ ಬಿಟ್ಟು ಹೇಳುತ್ತಿದ್ದ, ಇನ್ನೊಬ್ಬ ಹೇಳುತ್ತಿರಲಿಲ್ಲ, ಅಷ್ಟೇ.

ಎಂಬತ್ತರ ದಶಕದ ನಡುವಿಗೆ ಗಣೇಶಗುಡಿಯ ಅಣೆಕಟ್ಟು ಎದ್ದು, ಕಾಳಿಯ ನೀರು ಹಿಂದಕ್ಕೆ ಏರಿತು. ಸುಪಾ ಮುಳುಗಿತು. ಊರವರು ಬಾಗಿಲು, ತೊಲೆ, ದೇವರನ್ನು ಹೊತ್ತುಕೊಂಡು ಹೋದರು. ಮಾನ್ವೆಲನಿಗೆ ಅಲ್ಲಿ ಮನೆಯಿರಲಿಲ್ಲ, ಹೊಲವಿರಲಿಲ್ಲ. ಆದರೂ ನೀರು ಏರುವಷ್ಟು ದಿನವೂ ಹೋಗಿ ದಂಡೆಯಲ್ಲಿ ನಿಲ್ಲುತ್ತಿದ್ದ. ಕೊನೆಗೆ ಕರಿಗಲ್ಲಿನ ನೆತ್ತಿ ಮಾತ್ರ ಎಮ್ಮೆಯ ಬೆನ್ನಿನಂತೆ ಕಂಡಿತು, ಮರುವಾರ ಅದೂ ಇಲ್ಲ. ಮನೆಗೆ ಬಂದು ಹೆಂಡತಿ ಮರಿಯಾಳಿಗೆ, "ಅಜ್ಜ ಹೋದ" ಎಂದನಂತೆ.

ಆಮೇಲೆ ಗಾಡಿ ತಂದವರಿಗೆ, "ನೋಡೂ ಜಾಗಾ ಇಲ್ರಿ" ಎಂದು ಹೇಳತೊಡಗಿದ. ಜನ ನಕ್ಕರು. "ರಸ್ತೆ ಯಾವುದಾದ್ರೇನೋ? ಕಿವಿ ನಿಂದೋ ಕಲ್ಲಿಂದೋ?" ಎಂದು ಕೆಣಕಿದರು. ಆ ಮಾತು ಅವನಿಗೆ ಮುಳ್ಳಿನಂತೆ ನಾಟಿತು.

ಅದೇ ಹೊತ್ತಿಗೆ ಲಗಮಪ್ಪನಿಗೆ ಕಾರು ಸಿಕ್ಕಿತು. ಗೋವೆಯಿಂದ ಒಬ್ಬ ದಲಾಲ ತಂದಿದ್ದ. ಪೋರ್ತುಗೀಜರ ಕಾಲದಲ್ಲಿ ಹಡಗಿನಲ್ಲಿ ಬಂದ ವಿಲಾಯತಿ ಕಾರು. ಉದ್ದ ಮೂತಿ, ಎರಡೇ ಬಾಗಿಲು, ಅಗಲ ಗಾಲಿ. ಅಲ್ಲಿನ ಯಾರೋ ಶ್ರೀಮಂತರು ಅದನ್ನು ಪಂದ್ಯದಲ್ಲಿ ಓಡಿಸಿ ಗೆದ್ದಿದ್ದರಂತೆ. ಓಣಿಯ ಹೆಂಗಸರೆಲ್ಲ ಸುತ್ತ ನೆರೆದರು.

"ಇದೇನ್ ಕಾರೋ ಮೊಸಳಿಯೋ?" ಎಂದಳು ಸತ್ತೆವ್ವ.

"ಮೊಸಳಿ ಅಲ್ಲಬೇ, ಚಿರ್ತಿ! ಇದರಾಗ ಕುಂತ್ರ ಧಾರವಾಡ ಪಕ್ಕದ ಓಣಿ ಆಗ್ತೈತಿ" ಎಂದ ಲಗಮಪ್ಪ. ಆಮೇಲೆ ಮಾನ್ವೆಲನ ಕಡೆ ತಿರುಗಿದ. "ಮಾಮಾ, ನೀ ಹೂಂ ಅಂದ್ರ ಮಾತ್ರ. ಇಲ್ಲಂದ್ರ ಈಗ ಹೊಳ್ಳಿ ಕಳಸ್ತೇನಿ."

ಮಾನ್ವೆಲ್ ಅಂಗೈ ಇಟ್ಟ. ತಣ್ಣಗಿತ್ತು. ಎಣ್ಣೆ ತಿಕ್ಕಿ ಮೂಸಿದ. ಚೊಕ್ಕವಾಗಿತ್ತು. ಅವನು, ಲಗಮಪ್ಪ, ನಾನು ಮೂವರೂ ಕೂತೆವು. ನನ್ನನ್ನು ಹಿಂದಿನ ಸೀಟಿಗೆ ತುರುಕಿದರು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಇಂಜಿನ್ ಕೂಗಿದಾಗ ಮಾನ್ವೆಲನ ಮುಖ ಅರಳಿದ್ದನ್ನು ಕನ್ನಡಿಯಲ್ಲಿ ಕಂಡೆ. ಬಾಣದಂತೆ ಹೋಯಿತು ಆ ಕಾರು. ಏರಿನಲ್ಲಿ ಅವನು ತನ್ನಷ್ಟಕ್ಕೇ, "ಅವತ್ತ ಇದು ಇತ್ತಂದ್ರ" ಎಂದ. ಲಗಮಪ್ಪ ಕಿಟಕಿಯ ಹೊರಗೆ ನೋಡುತ್ತ ಕಣ್ಣೊರೆಸಿಕೊಂಡ.

ಗಣೇಶಗುಡಿಯ ಆಚೆ ಹೊಸ ರಸ್ತೆ. ಅಲ್ಲೊಂದು ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿ, ಬಲಗಡೆಯ ಕಿಟಕಿ ಇಳಿಸಿ, ಗಾಡಿಯನ್ನು ಬಿಟ್ಟ. ಆ ಬದಿಯಲ್ಲಿ ಬಂಡೆಯಿರಲಿಲ್ಲ. ಕಡಿದ ಮೆತ್ತನೆಯ ಕೆಂಪು ಮಣ್ಣು, ಅದರಾಚೆ ಬಯಲು. ನಾವು ಉಸಿರು ಹಿಡಿದು ಕೂತೆವು. ಕಾರು ಹಾವಿನಂತೆ ಸದ್ದಿಲ್ಲದೆ ಇಳಿದು ನಿಂತಿತು. ಮಾನ್ವೆಲ್ ತಿರುಗಿ ಮೇಲೆ ಹತ್ತಿಸಿ ಮತ್ತೆ ಇಳಿಸಿದ.

"ಏನಂತೈತಿ ಮಾಮಾ?"

"ಏನೂ ಅನ್ನವಲ್ದು."

"ಏನೂ ಅನ್ನಲಿಲ್ಲಂದ್ರ ಚಲೋ ಅಲ್ಲೇನು? ನೀನ ಹೇಳ್ತಿದ್ದಿ, ಸುಮ್ನ ಇಳಿಯೂ ಗಾಡಿ ನಿಯತ್ತಿಂದು ಅಂತ."

ಹೌದು, ಹಾಗೆ ಹೇಳುತ್ತಿದ್ದವನು ಅವನೇ. ಕರಿಗಲ್ಲ ಉತಾರದಲ್ಲಿ ಸದ್ದಿಲ್ಲದೆ ಇಳಿದ ಗಾಡಿ ಒಳ್ಳೆಯದೇ ಆಗಿರುತ್ತಿತ್ತು. ಮೂರು ತಲೆಮಾರು ಆ ಲೆಕ್ಕ ತಪ್ಪಿರಲಿಲ್ಲ. ಮಾನ್ವೆಲ್ ಕೆಂಪು ಮಣ್ಣನ್ನು ಒಮ್ಮೆ ನೋಡಿದ, ಲಗಮಪ್ಪನ ಮುಖವನ್ನು ಒಮ್ಮೆ ನೋಡಿದ.

"ಹೂಂ" ಎಂದ.

ಆ ಮಳೆಗಾಲ, ಆ ಚಳಿಗಾಲ ಕಾರು ಓಡಿತು. ಹಾವು ಕಚ್ಚಿದವರನ್ನು, ಕಾರ್ಖಾನೆಯಲ್ಲಿ ಕೈ ಸಿಕ್ಕಿಸಿಕೊಂಡವರನ್ನು ಮುಟ್ಟಿಸಿತು. ಜೊಯಿಡಾದ ತಾಯವ್ವನಿಗೆ ಗುರುಸಿದ್ದವ್ವನದೇ ತೊಂದರೆ ಬಂದಿತ್ತು. ಧಾರವಾಡ ಮುಟ್ಟಿ ಗಂಡುಕೂಸು ಹೆತ್ತಳು. ಲಗಮಪ್ಪ ಆ ದಿನ ಓಣಿಗೆಲ್ಲ ಪೇಡೆ ಹಂಚಿದ. ಮಾನ್ವೆಲನ ಬಾಯಿಗೆ ತಾನೇ ತುರುಕಿ, "ಇದು ನೀ ಹೂಂ ಅಂದಿದ್ದಕ್ಕ ಮಾಮಾ" ಎಂದ.

ಬೇಸಿಗೆಯ ಒಂದು ಮಧ್ಯಾಹ್ನ ರೋಗಿಯೊಬ್ಬನನ್ನು ಧಾರವಾಡದಲ್ಲಿ ಇಳಿಸಿ ಲಗಮಪ್ಪ ಒಬ್ಬನೇ ಮರಳುತ್ತಿದ್ದ. ಹಳಿಯಾಳದ ಈಚೆ, ಸಾಗವಾನಿ ತೋಪಿನ ತಿರುವಿನಲ್ಲಿ ಹಿಂದಿನ ಬಲಗಾಲಿ ಕಳಚಿ ಹೋಯಿತು. ಕಾರು ಮರಕ್ಕೆ ಹೊಡೆಯಿತು. ಅವನನ್ನು ಹಳಿಯಾಳಕ್ಕೆ ಎತ್ತಿನ ಗಾಡಿಯಲ್ಲಿ ತಂದರು. ಆಗ ಅವನಿಗೆ ಅವಸರವೇನೂ ಇರಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಮಾನ್ವೆಲ್ ಒಡೆದ ಕಾರನ್ನು ಎಳೆಸಿ ತಂದು ತನ್ನ ಅಂಗಳದಲ್ಲಿ ನಿಲ್ಲಿಸಿದ. ಸತ್ತದ್ದನ್ನು ಬಿಚ್ಚಿದ. ಮುರಿದ ಆಕ್ಸಲ್ಲಿನ ತುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದ. ಮುರಿದ ಮುಖದಲ್ಲಿ ಒಂದು ಅಂಚು ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು, ಅದು ಮೊನ್ನೆ ಮುರಿದದ್ದು. ಉಳಿದದ್ದೆಲ್ಲ ಜಂಗು ಹಿಡಿದು ಕಪ್ಪಗಿತ್ತು. ಆ ಬಿರುಕು ಎಂದೋ ಪಂದ್ಯದ ದಿನಗಳಲ್ಲಿ ಬಿದ್ದದ್ದು. ಅವನು ಆ ಕಾರಿನಲ್ಲಿ ಕೂತು ಇಳಿದ ದಿನವೂ ಅದು ಒಳಗೇ ಇತ್ತು. ಗಾಲಿಯ ಸುತ್ತು ಸುತ್ತಿಗೆ ಅದು ಟಕ್ ಎಂದಿರಬೇಕು. ಮೆತ್ತನೆಯ ಮಣ್ಣು ಅದನ್ನು ನುಂಗಿತು.

ಆ ತುಂಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸತ್ತೆವ್ವನ ಮನೆಗೆ ಹೋದ. ನಾನೂ ಹಿಂದೆ ಹೋದೆ. ಅವಳ ಮುಂದೆ ಇಟ್ಟು, "ಇದು ಮೊದಲ ಸೀಳಿತ್ತು ಅಕ್ಕಾ. ಕಲ್ಲು ಇರಲಿಲ್ಲ, ಹೂಂ ಅಂದೆ. ಬಿಚ್ಚಿ ನೋಡಬೇಕಾಗಿತ್ತು" ಎಂದ.

ಸತ್ತೆವ್ವ ಬಹಳ ಹೊತ್ತು ಕಬ್ಬಿಣದ ಮೇಲೆ ಕೈಯಾಡಿಸಿದಳು. "ನನ್ನ ಸೊಸಿನ್ನ ಹೊತ್ಕೊಂಡು ಓಡಿದಾಂವ ನೀನ. ನಿನಗ ಹೆಂಗ ಬಯ್ಯಲೋ ತಮ್ಮಾ? ಬಯ್ಯಾಕ ಬಾಯಿ ಬರವಲ್ದು" ಎಂದಳು. ಬೈದಿದ್ದರೆ ಅವನು ಉಳಿಯುತ್ತಿದ್ದನೇನೋ.

ಮಾನ್ವೆಲ್ ಲಾರಿ ಬಿಟ್ಟ. ಯಾವ ಗಾಡಿಯನ್ನೂ ಮುಟ್ಟಲಿಲ್ಲ, ಬಸ್ಸನ್ನೂ ಹತ್ತಲಿಲ್ಲ. ಸೌದೆ ಕಡಿಯಲು ಹೋದರೂ ನಡಿಗೆ, ಹಳಿಯಾಳದ ಸಂತೆಗೂ ನಡಿಗೆ. ದಾರಿಯಲ್ಲಿ ಗುರುತಿನ ಲಾರಿಯವರು ನಿಲ್ಲಿಸಿ ಕರೆದರೆ, ಕೈಮುಗಿದು ರಸ್ತೆ ಬಿಟ್ಟು ಮರಗಳೊಳಗೆ ಇಳಿಯುತ್ತಿದ್ದ. ದಮಾಮಿಯ ಹಾಡಿಗೆ ಕೂತರೂ ಕೊನೆಯವರೆಗೆ ಇರುತ್ತಿರಲಿಲ್ಲ. ಓಡಿ ಬಂದ ಮುತ್ತಜ್ಜನ ಹಾಡು ಬಂದಾಗ ಎದ್ದು ಹೋಗುತ್ತಾನೆ ಎಂದು ಮರಿಯಾ ಅಳುತ್ತಿದ್ದಳು.

ಎರಡು ಮಳೆಗಾಲ ಕಳೆಯುವುದರೊಳಗೆ ಎದೆಯಲ್ಲಿ ನೋವು ಹಿಡಿಯಿತು. ಆ ಎತ್ತರದ ಆಳು ಒಣಗಿದ ಬಿದಿರಾದ. ಒಂದು ಬೆಳಿಗ್ಗೆ ಉಸಿರು ಏಳದೆ ಗೋಡೆಗೆ ಒರಗಿ ಕೂತುಬಿಟ್ಟ. ಮರಿಯಾ ಕೂಗಿದಳು, ಓಣಿ ನೆರೆಯಿತು. ಯಾರನ್ನೂ ಕೇಳದೆ ಹೋಗಿ ಜೀಪು ತಂದವಳು ಸತ್ತೆವ್ವ. ಕೋಲೂರಿಕೊಂಡು ಬಾಗಿಲಿಗೆ ಬಂದು ನಿಂತಳು.

"ಏಳೋ ತಮ್ಮಾ. ಧಾರವಾಡಕ್ಕ ಹೋಗೂಣು. ನಾ ನಿನ್ನ ಜೋಡಿ ಕುಂಡರ್ತೇನಿ."

ಮಾನ್ವೆಲ್ ಜೀಪಿನ ಕಡೆ ನೋಡಿದ. ಅದು ನಿಂತಲ್ಲೇ ಗುರುಗುಟ್ಟುತ್ತಿತ್ತು. ಚಾಲಕನಿಗೆ ಬಂದ್ ಮಾಡು ಎಂದು ಕೈಸನ್ನೆ ಮಾಡಿದ. ನಾನು ಅವನ ರಟ್ಟೆಗೆ ಕೈ ಹಾಕಿದೆ. ಅದನ್ನು ಮೆತ್ತಗೆ ಬಿಡಿಸಿ, ಉಸಿರು ಕೂಡಿಸಿಕೊಂಡು ಸತ್ತೆವ್ವನಿಗೆ ಹೇಳಿದ:

"ಜೀಪು ಹೊಳ್ಳಿ ಕಳಸಬೇ ಅಕ್ಕಾ. ಯಾವಾಕಿಗರ ಬ್ಯಾನಿ ಎದ್ದಿರ್ತಾವ, ಆಕಿಗೆ ಬೇಕಾಗ್ತೈತಿ. ನನಗ ಬ್ಯಾಡ. ಲಗಮಪ್ಪ ಹತ್ತಿದ್ದು ನನ್ನ ಮಾತು ನಂಬಿ. ನಾ ಇನ್ನ ಯಾವ ಗಾಡಿನೂ ಹತ್ತಂಗಿಲ್ಲ. ನಮ್ಮ ಮುತ್ತಜ್ಜ ನಡದ ಬಂದಿದ್ದ, ನಾನೂ ನಡದ ಹೋಗ್ತೇನಿ."