ಕಿವಿ ಮುಚ್ಚಿದ ಕೂದಲು

ನಾನು ಬಸ್ ಕಂಡಕ್ಟರ್. ಕಂಡಕ್ಟರಿಗೆ ಪೆನ್ನು ಸಿಕ್ಕಿಸಿಕೊಳ್ಳಲು ನೆಟ್ಟಗಿನ ಒಂದು ಕಿವಿ ಬೇಕು. ನನಗೆ ಅದೂ ಇಲ್ಲ. ಪೆನ್ನು ಇಟ್ಟರೆ ಎರಡು ಸ್ಟಾಪ್ ದಾಟುವುದರೊಳಗೆ ಯಾರದೋ ಮಡಿಲಿಗೆ ಬಿದ್ದಿರುತ್ತದೆ. ನರಸೀಪುರದಿಂದ ನಂಜನಗೂಡು ತಲುಪುವಷ್ಟರಲ್ಲಿ ಒಬ್ಬರಾದರೂ ಕೇಳುತ್ತಾರೆ, "ಏನಾಯ್ತು ಸಾ ಕಿವಿಗೆ? ಚಿಕ್ಕಂದ್ನಲ್ಲಿ ಸುಟ್ಕಂಡ್ರಾ?" ಕುಸ್ತಿ ಗೊತ್ತಿದ್ದವರು ಹಾಗೆ ಕೇಳುವುದಿಲ್ಲ. ಕಿವಿ ನೋಡಿ, ಸೀಟಿನಿಂದ ಅರ್ಧ ಎದ್ದು, "ಯಾವ ಗರಡಿ?" ಎನ್ನುತ್ತಾರೆ. ಆ ದಿನ ನನ್ನ ಡ್ಯೂಟಿ ಸಲೀಸಾಗಿ ಕಳೆಯುತ್ತದೆ.

ಕುಸ್ತಿಯಲ್ಲಿ ತಲೆಗೆ ತಲೆ ಕೊಟ್ಟು ವರ್ಷಗಟ್ಟಲೆ ಉಜ್ಜಾಡಿದರೆ ಕಿವಿ ಮುರಿಯುತ್ತದೆ. ಮೊದಲು ಊದಿಕೊಂಡು, ಆಮೇಲೆ ಒಣಗಿದ ಹುಣಸೆಹಣ್ಣಿನ ಹಾಗೆ ಮುದುಡಿಕೊಂಡುಬಿಡುತ್ತದೆ. ನನ್ನವು ಹದಿನೆಂಟಕ್ಕೇ ಮುದುಡಿದ್ದವು. ಈಗ ಅವುಗಳ ಬಗ್ಗೆ ನನಗೆ ಹೆಮ್ಮೆಯಿದೆ. ಒಂದು ಸಲ ಮಾತ್ರ ಅವನ್ನು ಮುಚ್ಚಿಟ್ಟಿದ್ದೆ. ನನ್ನ ಬದುಕಿನಲ್ಲಿ ಒಳ್ಳೆಯದು ಅಂತ ಏನೇನು ನಡೆದಿದೆಯೋ ಅದೆಲ್ಲ ಆ ಕಳ್ಳತನ ಸಿಕ್ಕಿಬಿದ್ದದ್ದರಿಂದಲೇ ನಡೆದದ್ದು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಗರಡಿಯ ಉಸ್ತಾದರು ನಾಲೆಯ ನೀರುಗಂಟಿ. ಹಗಲೆಲ್ಲ ತೂಬು ಎತ್ತುವುದು, ಇಳಿಸುವುದು, ನೀರಿಗಾಗಿ ಜಗಳವಾಡುವವರನ್ನು ಬಿಡಿಸುವುದು ಅವರ ಕೆಲಸ. ಬೆಳಗಿನ ಐದು ಗಂಟೆಗೆ ಮಾತ್ರ ಅವರು ನಮ್ಮವರು. ಗರಡಿಗೆ ಹೊಸದಾಗಿ ಸೇರಿದವರು ಮೊದಲ ಕೆಲವು ತಿಂಗಳು ಮಟ್ಟಿಯ, ಅಂದರೆ ಕುಸ್ತಿ ಆಡುವ ಅಂಕಣದ, ಮಣ್ಣು ಅಗೆದು ಮಗುಚುವುದಷ್ಟೇ ಮಾಡಬೇಕಿತ್ತು. ಜರಡಿ ಹಿಡಿದ ಕೆಮ್ಮಣ್ಣಿಗೆ ಅರಿಸಿನ, ಮಜ್ಜಿಗೆ, ಎಳ್ಳೆಣ್ಣೆ ಬೆರೆಸಿ ಕಾಲಲ್ಲಿ ತುಳಿಯುವಾಗ ನಾವು ಗೊಣಗಿದರೆ, "ಬೀಳೋನು ನೀನೇ ಅಲ್ವೇನ್ಲಾ? ಮೆತ್ತುಗ್ ಮಾಡ್ಕೊ" ಎನ್ನುತ್ತಿದ್ದರು.

ನಂಜನಗೂಡಿನಲ್ಲಿ ಕಪಿಲೆಯ ದಡದ ಬಯಲಲ್ಲಿ ವರ್ಷಕ್ಕೊಂದು ಸಲ ಕುಸ್ತಿ ನಡೆಯುತ್ತಿತ್ತು. ಅಲ್ಲಿ ನಾನು ಎರಡು ವರ್ಷ ಒಂದೇ ಸಮನೆ ಸೋತಿದ್ದೆ. ಬೇಸಾಯಗಾರನಾದ ಅಪ್ಪನಿಗೆ ಮೊದಲೇ ಗರಡಿ ಕಂಡರೆ ಆಗದು. ಮೂರನೆಯ ವರ್ಷ ಖಡಾಖಂಡಿತವಾಗಿ ಹೇಳಿಬಿಟ್ಟ: "ಈ ಸಲಾನೂ ಬೆನ್ನಿಗೆ ಮಣ್ಣು ಅತ್ತುದ್ರೆ ಗರಡಿ ಕಡೆ ತಲೆ ಆಕಿ ಮಲಗಂಗಿಲ್ಲ ಕಣ್ಲಾ. ಸುಮ್ನೆ ಗದ್ದೆಗಿಳಿ." ನನಗೆ ಗರಡಿ ಬಿಟ್ಟರೆ ಬೇರೆ ಜೀವವಿರಲಿಲ್ಲ. ಹೇಗಾದರೂ ಗೆಲ್ಲಲೇಬೇಕಿತ್ತು.

ಕುಸ್ತಿಗೆ ಒಂದು ವಾರ ಮುಂಚೆ ಜೋಡಿ ಕಟ್ಟುತ್ತಾರೆ. ಯಾರ ಎದುರು ಯಾರು ಎಂದು ಹಿರಿಯರು ಗೊತ್ತುಮಾಡುವ ದಿನ ಅದು. ತಕ್ಕಡಿಯಲ್ಲಿ ತೂಗುವುದಿಲ್ಲ, ವಯಸ್ಸಿನ ಚೀಟಿ ಕೇಳುವುದಿಲ್ಲ. ಹುಡುಗರನ್ನು ಬರಿಮೈಯಲ್ಲಿ ಸಾಲಾಗಿ ನಿಲ್ಲಿಸಿ ಕತ್ತು ನೋಡುತ್ತಾರೆ, ತೊಡೆ ನೋಡುತ್ತಾರೆ, ಕೊನೆಗೆ ಕಿವಿ ನೋಡುತ್ತಾರೆ. ಮುರಿದ ಕಿವಿಗೆ ಮುರಿದ ಕಿವಿ, ನೆಟ್ಟಗಿನ ಕಿವಿಗೆ ನೆಟ್ಟಗಿನ ಕಿವಿ. ಮೈ ಸುಳ್ಳು ಹೇಳಬಹುದು, ಕಿವಿ ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ಅವರ ಕಣ್ಣಿಗೆ ಮಣ್ಣೆರಚಲು ನಾನು ಆರು ತಿಂಗಳಿಂದ ಕೂದಲು ಬಿಟ್ಟಿದ್ದೆ. ಸಿನಿಮಾ ಹೀರೋಗಳು ಕಿವಿ ಮುಚ್ಚುವಷ್ಟು ಕೂದಲು ಬಿಡುತ್ತಿದ್ದ ಕಾಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಎರಡು ವರ್ಷ ಅಲ್ಲೇ ಸೋತಿದ್ದರೂ, ಸೋತವನ ಮುಖ ಯಾರಿಗೂ ನೆನಪಿರಲಿಲ್ಲ. ನಾಲೆಗೆ ನೀರು ಬಿಟ್ಟ ವಾರವಾದ್ದರಿಂದ ಉಸ್ತಾದರಿಗೆ ಜೋಡಿ ಕಟ್ಟುವಲ್ಲಿಗೆ ತೂಬು ಬಿಟ್ಟು ಬರಲಾಗಲಿಲ್ಲ. ಸಾಲಿನಲ್ಲಿ ನಿಂತ ನನ್ನನ್ನು ನಂಜನಗೂಡಿನ ಹಿರಿಯರೊಬ್ಬರು ಕೇಳಿದರು, "ಎಷ್ಟ್ ವರ್ಸ ಆಯ್ತಪ್ಪ ಮಟ್ಟಿಗಿಳ್ದು?"

"ಈಗೀಗ್ಲೇ ಸಾ" ಎಂದೆ.

ಸೋಸಲೆಯ ಒಬ್ಬ ಹುಡುಗನ ಜೊತೆ ನನ್ನ ಜೋಡಿ ಕಟ್ಟಿದರು. ಹೊಳೆಯ ಮರಳಲ್ಲಿ ಗೆಳೆಯರ ಜೊತೆ ಆಡಿಕೊಂಡು ಬಂದವನು, ಗರಡಿಯ ಮುಖ ಕಂಡವನಲ್ಲ. ಕಿವಿಗಳು ಎಳೆಯ ವೀಳ್ಯದೆಲೆಯ ಹಾಗಿದ್ದವು. ಕುಸ್ತಿಯ ದಿನ ಅವನು ನನ್ನ ಕೈ ಕುಲುಕಿ, ಒಂದು ಹಿಡಿ ಮಣ್ಣು ತೆಗೆದು ನನ್ನ ಹೆಗಲಿಗೆ ಭಕ್ತಿಯಿಂದ ಹಚ್ಚಿ, "ಅಣ್ಣ, ನಂಗೆ ಇದೇ ಮೊದ್ಲು" ಎಂದ. ಆಗಲೂ ನನ್ನ ಮನಸ್ಸು ಕರಗಲಿಲ್ಲ. ಸೊಂಟಕ್ಕೆ ಕೈ ಹಾಕಿ ಎತ್ತಿ ಒಗೆದೆ. ಬಿದ್ದಾಗ ಟಕ್ ಎಂದ ಸದ್ದು ನನಗೆ ಕೇಳಿಸಿತು. ಜನ ಮಾತ್ರ ಶಿಳ್ಳೆ ಹೊಡೆಯುತ್ತಿದ್ದರು.

ಆ ದಿನ ಬಂದಿದ್ದ ಉಸ್ತಾದರು ಓಡಿದ್ದು ನನ್ನ ಕಡೆಗಲ್ಲ. ಹುಡುಗನ ಪಕ್ಕ ಕೂತು, ಅವನ ಕಂಕುಳಿಗೆ ತಮ್ಮ ಪಾದ ಕೊಟ್ಟು, ಕೈ ಎಳೆದು, ಜಾರಿದ್ದ ಭುಜದ ಕೀಲನ್ನು ಕೂರಿಸಿದರು. ಟವೆಲ್ಲಿನಿಂದ ಅವನ ತೋಳನ್ನು ಎದೆಗೆ ಕಟ್ಟಿದರು. ಆಮೇಲೆ ನನ್ನ ಬಳಿ ಬಂದು, ಬೆವರಿನಲ್ಲಿ ತೊಯ್ದಿದ್ದ ನನ್ನ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿ ಕಿವಿಗಳನ್ನು ನೋಡಿದರು. ಕೂದಲನ್ನು ಮತ್ತೆ ಕಿವಿಯ ಮೇಲೆ ಎಳೆದು ಮುಚ್ಚಿ, ಹೊರಟುಹೋದರು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗೆದ್ದದ್ದಕ್ಕೆ ನನಗೆ ಕೊಟ್ಟ ಬಹುಮಾನದ ಕಪ್ಪನ್ನು ಅಪ್ಪ ಅಂದು ಗೂಡಿನಲ್ಲಿಟ್ಟು, ಬಂದವರಿಗೆಲ್ಲ ತೋರಿಸಿದ. ಮಾರನೆಯ ಬೆಳಗ್ಗೆ ಗರಡಿಯ ಬಾಗಿಲಲ್ಲಿ ಉಸ್ತಾದರು ಅಡ್ಡ ನಿಂತಿದ್ದರು.

"ಮೊದ್ಲು ಓಗಿ ಕೂದ್ಲು ತೆಗಿಸ್ಕಂಡು ಬಾ."

ಅಂಗಡಿ ತೆಗೆಯುವವರೆಗೂ ಕಾದು, ಬೋಳಿಸಿದಂತೆ ಕತ್ತರಿಸಿಕೊಂಡು ಬಂದೆ. ಆಗ ಹೇಳಿದರು: "ಆ ಉಡ್ಗನ ಬಲಗೈ ಮನೇಲಿ ಏನೇನ್ ಕೆಲ್ಸ ಮಾಡ್ತಿತ್ತೋ ಅದ್ನೆಲ್ಲ ಇನ್ಮೇಲೆ ನೀನ್ ಮಾಡು. ಅವ್ನು ಇಲ್ಲಿಗ್ ಬಂದು, ಕೈ ಎತ್ತಿ ಸಲಾಮಿ ಒಡಿಯೋಗಂಟ ನೀನು ಮಟ್ಟಿಗೆ ಕಾಲಿಡಂಗಿಲ್ಲ."

"ಮಾಡ್ದಿದ್ರೆ?" ಎಂದೆ. ಗೆದ್ದ ಸೊಕ್ಕು ಇನ್ನೂ ಇಳಿದಿರಲಿಲ್ಲ.

"ಮಾಡ್ದಿದ್ರೆ ಮನೇಲಿ ಕಪ್ ಮಡ್ಗಿದ್ದೀಯಲ್ಲ, ಅದ್ನೇ ಉಸ್ತಾದ್ ಅನ್ಕೋ."

ಸೋತಿದ್ದರೆ ಅಪ್ಪ ಗರಡಿ ಬಿಡಿಸುತ್ತಿದ್ದ. ಗೆದ್ದೆ, ಉಸ್ತಾದರೇ ಬಿಡಿಸಿದರು. ದಾರಿಯುದ್ದಕ್ಕೂ ಅವರನ್ನು ಬೈದುಕೊಳ್ಳುತ್ತಾ ಸೋಸಲೆಗೆ ಸೈಕಲ್ ತುಳಿದೆ.

ಹುಡುಗನ ಅವ್ವ ಬಾಗಿಲಲ್ಲೇ ಹಿಡಿದರು. "ನೀನೇ ಏನ್ಲಾ ನನ್ ಮಗನ್ ತೋಳು ಕಿತ್ತೋನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕುಡುಗೋಲನ್ನು ನನ್ನ ಕಾಲ ಬುಡಕ್ಕೆ ಎಸೆದರು. "ಅಸೀಗೆ ಉಲ್ಲಿಲ್ಲ. ಓಗು." ಹುಲ್ಲು ಕೊಯ್ದೆ, ಕೊಟ್ಟಿಗೆ ಗುಡಿಸಿದೆ, ಸೌದೆ ಒಡೆದೆ. ಹುಡುಗ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ತೋರಿಸುತ್ತಿದ್ದ: "ಅಣ್ಣ, ಆ ಮೂಲೇಲಿ ಇನ್ನೊಸಿ ಸಗಣಿ ಅದೆ." ಅವನಿಗೆ ಮಜವೋ ಮಜ.

ಐದಾರು ದಿನ ಕಳೆದ ಮೇಲೆ ಅವನು ಕೇಳಿದ, "ಅಣ್ಣ, ಅವತ್ತು ನನ್ನ ಎಂಗೆ ಎತ್ತುದ್ರಿ?" ನನಗೆ ಎತ್ತುವುದು ಗೊತ್ತಿತ್ತು, ಹೇಗೆ ಎತ್ತುತ್ತೇನೆಂದು ಎಂದೂ ಯೋಚಿಸಿರಲಿಲ್ಲ. ಅಂಗಳದಲ್ಲಿದ್ದ ತೌಡಿನ ಮೂಟೆಯನ್ನು ನಿಲ್ಲಿಸಿಕೊಂಡು ನಿಧಾನವಾಗಿ ಮಾಡಿ ತೋರಿಸಿದೆ. "ನೀನು ಎರಡು ಕಾಲೂ ಒಂದೇ ಸಾಲಲ್ಲಿ ಇಟ್ಟಿದ್ದೆ ನೋಡು, ಅದಕ್ಕೇ ನಿನ್ನ ಸಲೀಸಾಗಿ ಎತ್ತಿಬಿಟ್ಟೆ" ಎಂದೆ. ಅವನು ಎದ್ದು ಒಂದು ಕಾಲು ಹಿಂದಿಟ್ಟು ನಿಂತ. ಎಷ್ಟು ಚೆನ್ನಾಗಿ ನಿಂತ ಎಂದರೆ, ಕಪ್ಪು ಹಿಡಿದಾಗ ಆಗದ ಸಂತೋಷ ನನಗೆ ಆ ಸಗಣಿ ವಾಸನೆಯ ಅಂಗಳದಲ್ಲಿ ಆಯಿತು. ಅವತ್ತು ಅವ್ವ ಮೊದಲ ಬಾರಿಗೆ "ಬಾಪ್ಪ, ಉಣ್ಣು" ಎಂದು ಮುದ್ದೆ, ಬಸ್ಸಾರು ಬಡಿಸಿದರು.

ತೋಳು ವಾಸಿಯಾದ ಮೇಲೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಗರಡಿಗೆ ಬಂದೆವು. ಉಸ್ತಾದರ ಮುಂದೆ ನಿಂತು ಅವನು ಬಲಗೈ ಎತ್ತಿದ. ಅರ್ಧಕ್ಕೆ ಕೈ ನಿಂತಿತು. ಅವನು ಹಲ್ಲು ಕಚ್ಚಿಕೊಂಡು ಪೂರ್ತಿ ಎತ್ತಿ, ತೊಡೆ ತಟ್ಟಿ ಸಲಾಮಿ ಹೊಡೆದ. ನಾನು ಗಬಗಬನೆ ಅಂಗಿ ಬಿಚ್ಚತೊಡಗಿದೆ.

"ತಡಿ, ಜೋಡಿ ಕಟ್ಟವ" ಎಂದರು ಉಸ್ತಾದರು. ಹಿರಿಯರು ಮಾಡುವ ಹಾಗೆಯೇ ಅವನ ಬಲಗೈಯನ್ನು ನನ್ನ ಬಲಗೈಯೊಳಗೆ ಇಟ್ಟರು. "ಇನ್ಮೇಲೆ ಇವ್ನೇ ನಿನ್ ಜೋಡಿ. ಎದ್ರುಗ್ ನಿಲ್ಲೋ ಜೋಡಿ ಅಲ್ಲ, ಬೆನ್ನಿಗ್ ನಿಲ್ಲೋ ಜೋಡಿ. ಇವ್ನುನ್ನ ಪೈಲ್ವಾನ್ ಮಾಡು."

ಮುಂದೆ ನನಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಬೆಳಗ್ಗೆ ಗರಡಿ, ಆಮೇಲೆ ಬಸ್ಸು. ನಾನು ಅಂಥ ದೊಡ್ಡ ಕುಸ್ತಿ ಯಾವುದನ್ನೂ ಗೆಲ್ಲಲಿಲ್ಲ, ಆ ಕೊರಗೂ ಇಲ್ಲ. ಅವನ ಜೊತೆಗೆ ಇನ್ನೂ ಹತ್ತಾರು ಹುಡುಗರು ನನ್ನ ಕೈಕೆಳಗೆ ಬೆಳೆದರು. ಸೋಸಲೆ, ಬನ್ನೂರಿನ ಕಡೆಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಉಸ್ತಾದರಿಗೆ ಮಾತ್ರ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದವು. ಗರಡಿಯ ಕಲ್ಲುಬೆಂಚಿನ ಮೇಲೆ ಕೂತು, ಬಂದ ಹುಡುಗರ ಕಿವಿ ಮುಟ್ಟಿ ಇಂಥವನೇ ಎಂದು ಹೇಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಂಜನಗೂಡಿನ ಅದೇ ಬಯಲಲ್ಲಿ ನಮ್ಮ ಸೋಸಲೆಯ ಹುಡುಗ ಬೆಳ್ಳಿ ಗದೆ ಬಹುಮಾನದ ಕುಸ್ತಿಗೆ ಇಳಿದ. ನಾನು ರಜೆ ಹಾಕಿ ಉಸ್ತಾದರನ್ನು ಕರೆತಂದಿದ್ದೆ. ಪಕ್ಕದಲ್ಲಿ ಕೂತು ಒಂದೊಂದು ಪಟ್ಟನ್ನೂ ಅವರಿಗೆ ಹೇಳುತ್ತಿದ್ದೆ. "ಕಾಲು ಎಲ್ಲಿಟ್ಟವ್ನೆ?" ಎಂದು ನಡುನಡುವೆ ಕೇಳುತ್ತಿದ್ದರು. "ಒಂದು ಹಿಂದೆ ಇಟ್ಟವ್ನೆ ಉಸ್ತಾದ್ರೆ" ಎನ್ನುತ್ತಿದ್ದೆ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದಾಗ ನಾನು ಹೇಳುವುದನ್ನು ಮರೆತು ಕೂಗಿಕೊಂಡೆ. ಅವರಿಗೆ ಅಷ್ಟು ಸಾಕಾಯಿತು.

ಗದೆಯನ್ನು ಹೆಗಲ ಮೇಲಿಟ್ಟುಕೊಂಡೇ ಬಂದು ಅವನು ಉಸ್ತಾದರ ಕಾಲಿಗೆ ಬಿದ್ದ. ಅವರು ತಡಕಾಡಿ ಅವನ ಕಿವಿ ಹಿಡಿದರು. ನಂಜನಗೂಡಿನಲ್ಲಿ ಮೊದಲು ನಾನು ಕಂಡಾಗ ವೀಳ್ಯದೆಲೆಯಂತಿದ್ದ ಆ ಕಿವಿಗಳು ಈಗ ಗಂಟು ಗಂಟಾಗಿದ್ದವು.

"ಚೆನ್ನಾಗ್ ಮುರ್ದವೆ. ಯಾರ್ ಕೆಲ್ಸ ಇದು?"

"ಅಣ್ಣಂದೇ ಉಸ್ತಾದ್ರೆ" ಎಂದ.

ಉಸ್ತಾದರ ಕೈ ನನ್ನ ಕಡೆ ತಿರುಗಿತು. ಕೆನ್ನೆ ಸವರಿ, ಮೇಲೇರಿ, ನನ್ನ ಕಿವಿಯನ್ನು ಹುಡುಕಿತು. ಹುಡುಕಬೇಕಾಗಿಯೇ ಇರಲಿಲ್ಲ, ಹಿಂದಿನ ದಿನವೇ ಕ್ಷೌರ ಮಾಡಿಸಿಕೊಂಡಿದ್ದೆ. ಅವರು ನಕ್ಕು ಕಿವಿಯನ್ನು ಗಟ್ಟಿಯಾಗಿ ಹಿಂಡಿದರು. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ಆದರೂ ಅವರ ಕೈ ಬಿಟ್ಟುಹೋಗದಿರಲೆಂದು ತಲೆಯನ್ನು ಇನ್ನಷ್ಟು ಬಗ್ಗಿಸಿದೆ.