ಬೆರಳಿಗೆ ಸಿಗದ ಹಕ್ಕಿ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಜಗನ್ನಾಥನ ಅಪ್ಪ ಬೀಟೆ ಮರದ ಹಲಗೆಗಳನ್ನು ಕೊರೆದು ಚಿಪ್ಪಿನ ಚಿತ್ರ ಕೂರಿಸುತ್ತಿದ್ದರು. ಕೆಲಸ ಕಲಿಯುತ್ತಿದ್ದ ಮಗ ಒಂದು ಹಲಗೆ ಮುಗಿಸಿದ ಮೇಲೆ ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸುವರು. ಆನೆಯಾಗಲಿ ನವಿಲಾಗಲಿ, ಎಲ್ಲಿ ಕೂತಿದೆಯೆಂದು ಬೆರಳಿಗೆ ತಿಳಿಯಬಾರದು. ತಿಳಿಯಿತೋ, ಮಗನ ಎಡಗೆನ್ನೆಗೆ ಒಂದು ಬೀಳುತ್ತಿತ್ತು. ಹದಿನಾರು ತುಂಬುವ ಹೊತ್ತಿಗೆ ಆ ಕೆನ್ನೆಗೆ ಬಿಡುವು ಸಿಕ್ಕಿತು. ಜಗನ್ನಾಥನ ಆನೆಗಳನ್ನು ಹಿಡಿಯಬಲ್ಲ ಬೆರಳು ಇಡೀ ಮೊಹಲ್ಲಾದಲ್ಲಿರಲಿಲ್ಲ.

ಇಂಥ ಮಹಾವೀರ 1997ರಲ್ಲಿ ಇಂಗ್ಲಿಷರ ನಾಡಿನ ಹೇಸ್ ಊರಿನ ಗೋದಾಮೊಂದರಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದ. ನರ್ಸ್ ಕೆಲಸ ಸಿಕ್ಕ ಹೆಂಡತಿ ಅಂಬುಜಾಳ ಹಿಂದೆ ಬಂದು ಒಂಬತ್ತು ವರ್ಷವಾಗಿತ್ತು. ಕಾಲು ಮುರಿದುಕೊಂಡು ಅವಳ ವಾರ್ಡಿನಲ್ಲಿ ಮಲಗಿದ್ದ ಹಳೆಯ ಸಾಮಾನಿನ ವ್ಯಾಪಾರಿ ಪೆಂಬರ್ಟನ್, ಗಂಡನ ಪ್ರತಾಪವನ್ನು ಅವಳ ಬಾಯಿಂದಲೇ ಕೇಳಿ, ಚೀನಾದ ಕುಂಚದಾನಿಯೊಂದನ್ನು ಕೊಟ್ಟು ಕಳಿಸಿದ. ಯಾವ ಕಾಲದ ಪಂಡಿತನೋ ಬರೆಯುವ ಕುಂಚಗಳನ್ನು ನಿಲ್ಲಿಸಿಡುತ್ತಿದ್ದ ಮರದ ಡಬ್ಬಿ ಅದು. ಮೈತುಂಬ ಚಿಪ್ಪಿನ ಹೂವು, ಹವಳದ ಹಣ್ಣು. ಕೊಂಬೆಯ ಮೇಲಿದ್ದ ಹಕ್ಕಿ ಉದುರಿ ಬರೀ ಗುಳಿ ಉಳಿದಿತ್ತು. ಹೊಸ ಹಕ್ಕಿ ಒಪ್ಪಿಗೆಯಾದರೆ ಅಂಗಡಿಯ ರಿಪೇರಿಯೆಲ್ಲ ಜಗನ್ನಾಥನದೇ. ಟೇಪಿನ ಕಾಟ ತಪ್ಪುತ್ತದೆ.

ಅಡುಗೆಮನೆಯ ಮೇಜು ರಣರಂಗವಾಯಿತು. ಎರಡು ವಾರ ಅಂಬುಜಾ ಇಸ್ತ್ರಿ ಹಲಗೆಯ ಮೇಲೆ ಚಪಾತಿ ಲಟ್ಟಿಸಿದಳು. ಜಗನ್ನಾಥ ಹಕ್ಕಿ ಕೊರೆದು, ಕೂರಿಸಿ, ಸುತ್ತಲಿನ ಮರಕ್ಕೆ ಗೀರೂ ತಾಗದಂತೆ ತೇದು ಸಮ ಮಾಡಿದ. ಕಣ್ಣು ಮುಚ್ಚಿ ಬೆರಳಾಡಿಸಿದ. ಹಕ್ಕಿ ಮಾಯ.

"ನೋಡೇ," ಎಂದು ಹೆಂಡತಿಯ ಮುಂದಿಟ್ಟ. ಅವಳೂ ಕಣ್ಣು ಮುಚ್ಚಿದಳು.

"ಹೂವು ಸಿಗ್ತು, ಹಣ್ಣು ಸಿಗ್ತು. ಏನ್ರೀ, ನಿಮ್ಮ ಹಕ್ಕಿ ಎಲ್ಲಿ?"

"ಸಿಗಬಾರದು ಕಣೇ. ಅದೇ ಕೈಚಳಕ."

"ಮಿಕ್ಕಿದ್ದೆಲ್ಲ ಉಬ್ಬಿಕೊಂಡು ಕೂತಿದೆ. ಇದೊಂದು ಲಾರಿ ಕೆಳಗೆ ಸಿಕ್ಕಿದ ಹಾಗಿದೆ."

"ಚೀನಾದವರಿಗೆ ತೇಯೋಕೆ ಬರಲ್ಲ. ಅದಕ್ಕೆ ನಾನೇನು ಮಾಡ್ಲಿ?"

"ಇಷ್ಟು ಹೂವು ಕೊರೆದೋನಿಗೆ ತೇಯೋಕೆ ಬರ್ತಿರ್ಲಿಲ್ವಾ? ಹಾಗಾದ್ರೆ ಟೇಪು ಅಂಟಿಸ್ಕೊಂಡೇ ಇರಿ."

ಜಗನ್ನಾಥ ಮತ್ತೆ ಬೆರಳಾಡಿಸಿದ. ಪ್ರತಿ ಎಸಳೂ ಬೇಕೆಂದೇ ಎದ್ದು ನಿಂತಿತ್ತು. ಅಂಚುಗಳನ್ನು ಯಾರೋ ಅಪ್ಪನಷ್ಟೇ ಹಟದಿಂದ ದುಂಡಗೆ ಮಾಡಿದ್ದರು. ಅವನು ಚಾಕುವಿನ ತುದಿ ಬಿಸಿ ಮಾಡಿ, ಅಂಟು ಸಡಿಲಿಸಿ, ತನ್ನ ಹಕ್ಕಿಯನ್ನು ಎಬ್ಬಿಸಿ ತೆಗೆದ. ದಪ್ಪ ಚಿಪ್ಪು ತಂದು ಎದೆಯುಬ್ಬಿಸಿದ ಇನ್ನೊಂದನ್ನು ಕೊರೆದು ಕೂರಿಸಿದ.

ಶನಿವಾರ ಅಂಗಡಿಯಲ್ಲಿ ಪೆಂಬರ್ಟನ್ ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಕುಂಚದಾನಿಯ ಮೇಲೆ ಹೆಬ್ಬೆರಳು ಆಡಿಸಿದ. ಹೂವು ದಾಟಿ ಕೊಂಬೆಗೆ ಬಂದ ಹೆಬ್ಬೆರಳು ಹಕ್ಕಿಗೆ ತಡೆದು ನಿಂತಿತು. ಜಗನ್ನಾಥನ ಕೈ ತಾನಾಗಿ ಎಡಗೆನ್ನೆಗೆ ಹೋಯಿತು.

"ಹಲ್ಲು ನೋವಾ?" ಎಂದ ಪೆಂಬರ್ಟನ್, ಕಣ್ಣು ಬಿಟ್ಟು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ಚಿಪ್ಪಿನ ಎಸಳು ಉದುರಿದ ಮೂರು ಮಸಿಪೆಟ್ಟಿಗೆಗಳನ್ನು ತಂದು ಅವನ ಮುಂದಿಟ್ಟ.